ಟ್ರಿಗರ್‌ಗೆ ಬೆರಳು ಹೋಗುವ ಮುಂಚೆ: ಶಸ್ತ್ರ ಹಿಡಿಯುವವರ ಮನಸ್ಸಿನ ತಯಾರಿ

‘ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ’ ಎಂದು ಹಂಗಿಸುವವರು ಕೈಯ ಅಭ್ಯಾಸವನ್ನಷ್ಟೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ರೇಂಜಿನಲ್ಲಿ ಸಾವಿರಾರು ಗುಂಡು ಹಾರಿಸಿದವರೂ ಆಯುಧ ಹಿಡಿದ ಮನುಷ್ಯ ಎದುರಿಗೆ ಬಂದಾಗ ಗರ ಬಡಿದಂತೆ ನಿಂತುಬಿಡುವುದುಂಟು. ಹಾರಿಸಬಾರದವರ ಮೇಲೆ ಹಾರಿಸಿಬಿಡುವುದೂ ಉಂಟು. ಎರಡರ ಬೇರೂ ಒಂದೇ: ಮೊದಲೇ ಯೋಚಿಸಿ ಮುಗಿಸಬೇಕಾಗಿದ್ದನ್ನು, ಯೋಚಿಸಲು ಹೊತ್ತೇ ಇಲ್ಲದ ಗಳಿಗೆಗೆ ಉಳಿಸಿಕೊಂಡದ್ದು.

ಹೊತ್ತು ಎಷ್ಟು ಕಡಿಮೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ. ಏನು ಬರಲಿದೆ, ಏನು ಮಾಡಬೇಕು ಎರಡೂ ಗೊತ್ತಿದ್ದಾಗಲೂ ಕಣ್ಣಿಗೆ ಕಂಡದ್ದಕ್ಕೆ ಕೈ ಅಲುಗಲು 0.2ರಿಂದ 0.25 ಸೆಕೆಂಡು ಬೇಕು. ಆಯ್ಕೆಗಳು ಹೆಚ್ಚಿದಷ್ಟೂ ಈ ಹೊತ್ತು ಹಿಗ್ಗುತ್ತದೆ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ ಇದನ್ನು 1952ರಲ್ಲೇ ಅಳೆದು ತೋರಿಸಿದರು. ಇನ್ನು ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟುಲ್ಲರ್ 1983ರಲ್ಲಿ ಬರೆದದ್ದು: ಚಾಕು ಹಿಡಿದ ಸಾಮಾನ್ಯ ಮನುಷ್ಯ 21 ಅಡಿ, ಅಂದರೆ ಸುಮಾರು 6.4 ಮೀಟರ್ ದೂರವನ್ನು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಗಿಸುತ್ತಾನೆ. ಪಳಗಿದ ಕೈ ಹೋಲ್‌ಸ್ಟರ್‌ನಿಂದ ಪಿಸ್ತೂಲು ತೆಗೆದು ಗುರಿಯಿಟ್ಟು ಹಾರಿಸುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. (ಇದನ್ನು ಎಷ್ಟೋ ಜನ ‘21 ಅಡಿಯ ನಿಯಮ’ ಎಂದು ತಿರುಚಿ, ಅಷ್ಟು ಹತ್ತಿರ ಬಂದವನ ಮೇಲೆ ಗುಂಡು ಹಾರಿಸಬಹುದು ಎಂಬ ಅನುಮತಿಪತ್ರದಂತೆ ಬಳಸುತ್ತಾರೆ. ಅದು ಅನುಮತಿಯಲ್ಲ, ಬರೀ ಗಡಿಯಾರ. ಟುಲ್ಲರ್ ಕೇಳಿದ್ದು, ಎಷ್ಟು ದೂರದಲ್ಲಿದ್ದಾಗಲೇ ನೀವು ಮರೆಗೆ ಸರಿಯಬೇಕು ಎಂದು.)

ಈ ಒಂದೂವರೆ ಸೆಕೆಂಡಿನೊಳಗೆ ‘ಹಾರಿಸಲೇ ಬೇಡವೇ, ಕಾನೂನು ಏನನ್ನುತ್ತದೆ, ಹಿಂದೆ ಯಾರಿದ್ದಾರೆ’ ಎಂಬ ಚರ್ಚೆಗೆ ಜಾಗವಿಲ್ಲ. ಆ ಚರ್ಚೆಯನ್ನು ಮನೆಯಲ್ಲಿ, ಮೇಜಿನ ಮುಂದೆ ಮುಗಿಸುವುದು ಹೇಗೆ ಎಂಬುದೇ ಈ ಬರಹದ ವಿಷಯ. ಪೊಲೀಸರು, ಸೈನಿಕರು, ಶಸ್ತ್ರಧಾರಿ ಕಾವಲುಗಾರರಿಗೆ ಇದು ಪೂರ್ತಿ ಅನ್ವಯಿಸುತ್ತದೆ. ಕ್ರೀಡಾ ಶೂಟರ್‌ಗಳಿಗೆ ಹಾರಿಸಬೇಕೋ ಬೇಡವೋ ಎಂಬ ಪ್ರಶ್ನೆಯೊಂದು ಇಲ್ಲ, ಉಳಿದದ್ದೆಲ್ಲ ಅವರಿಗೂ ಅಷ್ಟೇ ಸಲ್ಲುತ್ತದೆ.

ಮೊದಲು ನಿಮ್ಮ ಮೈಯನ್ನು ತಿಳಿದುಕೊಳ್ಳಿ

ರಣರಂಗದ ನಡುವೆ ನಿಂತ ಅರ್ಜುನನಿಗೆ ಬಾಯಿ ಒಣಗಿತು, ಮೈ ನಡುಗಿತು, ರೋಮ ನಿಮಿರಿತು, ಗಾಂಡೀವ ಕೈಯಿಂದ ಜಾರಿತು. ಅವನು ಅಂಜುಬುರುಕನಲ್ಲ, ಅಭ್ಯಾಸ ಕಡಿಮೆಯಾದವನೂ ಅಲ್ಲ. ಅಪಾಯದ ಮುಂದೆ ಅಡ್ರಿನಲಿನ್ ಏರಿದ ಯಾವ ಮೈಗಾದರೂ ಆಗುವುದೇ ಇದು. ಹಾಗಾಗಿ ಮೊದಲ ಹೆಜ್ಜೆ: ಇದೆಲ್ಲ ಆಗಿಯೇ ಆಗುತ್ತದೆ ಎಂದು ಒಪ್ಪಿಕೊಳ್ಳುವುದು. ಎದೆ ಹೊಡೆದುಕೊಳ್ಳುವುದನ್ನು ‘ನಾನು ಹೆದರಿದೆ, ಕೆಟ್ಟೆ’ ಎಂದು ಓದಿಕೊಂಡವನಿಗೆ ಮೊದಲ ಹೆದರಿಕೆಯ ಮೇಲೆ ಇನ್ನೊಂದು ಹೆದರಿಕೆ ಏರುತ್ತದೆ. ‘ಮೈ ತಯಾರಾಗುತ್ತಿದೆ’ ಎಂದು ಓದಿಕೊಂಡವನಿಗೆ ಹಾಗಾಗುವುದಿಲ್ಲ.

ಗುಂಡಿನ ಚಕಮಕಿಯಲ್ಲಿ ಪಾಲ್ಗೊಂಡಿದ್ದ 157 ಪೊಲೀಸರನ್ನು ಪ್ರಶ್ನಿಸಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಅಲೆಕ್ಸಿಸ್ ಆರ್ಟ್‌ವೋಲ್ 2002ರಲ್ಲಿ ಪ್ರಕಟಿಸಿದ ಅಂಕಿಗಳನ್ನು ನೋಡಿ. ಶೇ. 84 ಮಂದಿಗೆ ಸದ್ದು ಕುಗ್ಗಿ ಕೇಳಿಸಿತ್ತು. ತಮ್ಮದೇ ಗುಂಡಿನ ಸದ್ದು ಕೂಡ. ಶೇ. 79 ಮಂದಿಗೆ ನೋಟ ಕೊಳವೆಯಲ್ಲಿ ಇಣುಕಿದಂತೆ ಕಿರಿದಾಗಿತ್ತು. ಶೇ. 62 ಮಂದಿಗೆ ಹೊತ್ತು ನಿಧಾನವಾಗಿ ಸರಿದಂತಾಗಿತ್ತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಘಟನೆಯ ಯಾವುದೋ ಒಂದು ತುಣುಕು ನೆನಪಿನಲ್ಲೇ ಉಳಿದಿರಲಿಲ್ಲ. ಐವರಲ್ಲಿ ಒಬ್ಬರಂತೂ ನಡೆಯದೇ ಇದ್ದದ್ದನ್ನು ಕಂಡಿದ್ದರು, ಇಲ್ಲವೇ ಕೇಳಿದ್ದರು.

ಇಲ್ಲಿಂದ ನೇರವಾಗಿ ಹುಟ್ಟುವ ಕೆಲಸದ ಪಾಠಗಳಿವೆ. ನೋಟ ಕಿರಿದಾಗುತ್ತದೆ ಎಂದ ಮೇಲೆ, ಪ್ರತಿ ಸುತ್ತಿನ ಅಭ್ಯಾಸದ ಕೊನೆಯಲ್ಲೂ ತಲೆಯನ್ನು ಎಡಕ್ಕೂ ಬಲಕ್ಕೂ ಹಿಂದಕ್ಕೂ ತಿರುಗಿಸಿ ನೋಡುವ ರೂಢಿ ಬೇಕು. ಸುಮ್ಮನೆ ತಲೆಯಾಡಿಸಿದರೆ ಸಾಲದು. ಹಿಂದೆ ನಿಂತ ಜೊತೆಗಾರ ಎಷ್ಟು ಬೆರಳು ತೋರಿಸಿದ ಎಂದು ಹೇಳುವಂತಿರಬೇಕು. ಕಿವಿ ಮುಚ್ಚಿಕೊಳ್ಳುತ್ತದೆ ಎಂದ ಮೇಲೆ, ತಂಡದಲ್ಲಿ ಬಾಯಿಮಾತನ್ನಷ್ಟೇ ನಂಬಬಾರದು; ಭುಜ ತಟ್ಟುವ ಸಂಜ್ಞೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬೆರಳುಗಳ ನಾಜೂಕು ಹೋಗುತ್ತದೆ ಎಂದ ಮೇಲೆ, ಪಿಸ್ತೂಲಿನ ಸ್ಲೈಡನ್ನು (ಮೇಲೆ ಹಿಂದೆಮುಂದೆ ಜಾರುವ ಭಾಗ) ಎರಡು ಬೆರಳ ತುದಿಯಿಂದ ಚಿವುಟಿ ಎಳೆಯದೆ ಇಡೀ ಅಂಗೈಯಿಂದ ಹಿಡಿದು ಎಳೆಯುವುದನ್ನೇ ಕಲಿಯಬೇಕು. ಹಾರಿಸಿದ ಗುಂಡುಗಳ ಲೆಕ್ಕ ತಪ್ಪುತ್ತದೆ ಎಂದ ಮೇಲೆ, ಎಣಿಕೆಯನ್ನು ನೆಚ್ಚದೆ ಬಿಡುವು ಸಿಕ್ಕಾಗಲೆಲ್ಲ ಮರೆಯಲ್ಲಿ ಮ್ಯಾಗಜೀನ್ (ಗುಂಡು ತುಂಬಿದ ಡಬ್ಬಿ) ಬದಲಿಸಬೇಕು.

ಇನ್ನೊಂದು ಮಾತು. ನಿಮಿಷಕ್ಕೆ 115 ಬಡಿತ ದಾಟಿದರೆ ಬೆರಳಿನ ನಾಜೂಕು ಹೋಗುತ್ತದೆ, 145 ದಾಟಿದರೆ ಇನ್ನೇನೋ ಹೋಗುತ್ತದೆ ಎಂಬ ಪಟ್ಟಿಗಳು ತರಬೇತಿ ಕೋಣೆಗಳ ಗೋಡೆಯ ಮೇಲೆ ಕಾಣಿಸುತ್ತವೆ. ಅದನ್ನು ಕಂಠಪಾಠ ಮಾಡಬೇಡಿ. ಬಯಾಥ್ಲಾನ್, ಅಂದರೆ ಹಿಮದ ಮೇಲೆ ಸ್ಕೀ ಓಟ ಮತ್ತು ಶೂಟಿಂಗ್ ಸೇರಿದ ಸ್ಪರ್ಧೆಯ ಆಟಗಾರರು ಏದುಸಿರಿನಲ್ಲಿ ಬಂದು, ಎದೆಬಡಿತ ಇನ್ನೂ ಏರಿರುವಾಗಲೇ 50 ಮೀಟರ್ ದೂರದ 45 ಮಿಲಿಮೀಟರ್ ಗುರಿಯನ್ನು ಮಲಗಿ ಹೊಡೆಯುತ್ತಾರೆ. ಓಟದಿಂದ ಏರಿದ ಬಡಿತ ಬೇರೆ, ಭಯದಿಂದ ಏರಿದ ಬಡಿತ ಬೇರೆ. ಕೆಡಿಸುವುದು ಅಂಕಿಯಲ್ಲ, ಅದರ ಹಿಂದಿನ ಭಯ ಮತ್ತು ಅಭ್ಯಾಸದ ಕೊರತೆ.

ತೀರ್ಮಾನಗಳನ್ನು ಕಾಗದದ ಮೇಲೆ ಬರೆಯಿರಿ

ಇಡೀ ತಯಾರಿಯಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದು. ಅತಿ ಕಡಿಮೆ ಜನ ಮಾಡುವುದೂ ಇದನ್ನೇ, ಯಾಕೆಂದರೆ ಇಲ್ಲಿ ಬಂದೂಕಿನ ಸದ್ದಿಲ್ಲ, ಬರೀ ಪೆನ್ನು.

ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ನಿಮಗೆ ಅನ್ವಯಿಸುವ ಕಾನೂನನ್ನು, ನಿಮ್ಮ ಇಲಾಖೆಯ ಬಲಪ್ರಯೋಗದ ಆದೇಶವನ್ನು ಮುಂದಿಟ್ಟುಕೊಂಡು ಓದಿ. ಸಹೋದ್ಯೋಗಿ ಹೇಳಿದ್ದು, ಕ್ಯಾಂಟೀನಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಎಲ್ಲಿಯವರೆಗೆ ಗುಂಡು ಹಾರಿಸುವಂತಿಲ್ಲ, ಯಾವ ಗಳಿಗೆಯಿಂದ ಹಾರಿಸಬಹುದು, ಯಾವ ಗಳಿಗೆಗೆ ನಿಲ್ಲಿಸಲೇಬೇಕು: ಈ ಮೂರು ಗೆರೆಗಳನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಬರೆಯಲಾಗದೆ ಪೆನ್ನು ತಡವರಿಸಿದ ಕಡೆಯೇ ನಾಳೆ ಕೈಯೂ ತಡವರಿಸುತ್ತದೆ. ಅಲ್ಲಿ ಗುರುತು ಹಾಕಿ, ಬಲ್ಲವರನ್ನು ಕೇಳಿ.

ಆಮೇಲೆ ‘ಹೀಗಾದರೆ ಹೀಗೆ’ ಎಂಬ ರೂಪದಲ್ಲಿ ಐದಾರು ವಾಕ್ಯ ಬರೆಯಿರಿ. ಬರೀ ‘ಧೈರ್ಯವಾಗಿರುತ್ತೇನೆ’ ಎಂಬ ಸಂಕಲ್ಪಕ್ಕಿಂತ ಈ ರೂಪ ಎಷ್ಟೋ ಗಟ್ಟಿ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1990ರ ದಶಕದಲ್ಲಿ ತೋರಿಸಿಕೊಟ್ಟಿದ್ದಾರೆ. ಕಣ್ಣಿಗೆ ಬಿದ್ದ ಸನ್ನಿವೇಶವೇ ಕೈಯನ್ನು ಎಬ್ಬಿಸುತ್ತದೆ, ನಡುವೆ ಚರ್ಚೆ ಬೇಕಾಗುವುದಿಲ್ಲ. ಮಾದರಿಗೆ:

ಎದುರಿನವನ ಕೈ ಕಾಣದಿದ್ದರೆ, ಮರೆಗೆ ಸರಿದು ‘ಕೈ ತೋರಿಸು’ ಎಂದು ಗಟ್ಟಿಯಾಗಿ ಕೂಗುತ್ತೇನೆ.

ಜೊತೆಗಾರ ಗುಂಡು ಹಾರಿಸಿದರೆ, ಮೊದಲು ನಾನೂ ನೋಡುತ್ತೇನೆ. ನನ್ನ ಕಣ್ಣಿಗೆ ಕಾರಣ ಕಂಡರಷ್ಟೇ ಹಾರಿಸುತ್ತೇನೆ.

ಎದುರಾಳಿ ಆಯುಧ ಕೆಳಗಿಟ್ಟರೆ, ಬೆರಳನ್ನು ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆ) ಹೊರಗೆ ತರುತ್ತೇನೆ, ಮರೆ ಬಿಡುವುದಿಲ್ಲ.

ನನಗೆ ಗುಂಡು ತಗುಲಿದರೆ, ಮರೆಗೆ ಹೋಗುತ್ತೇನೆ, ಆಯುಧ ಕೈಯಲ್ಲೇ ಇರುತ್ತದೆ, ಕೈಕಾಲಿನ ಗಾಯವಾದರೆ ಟೂರ್ನಿಕೆಟ್ ಪಟ್ಟಿಯನ್ನು ಗಾಯದ ಮೇಲ್ಭಾಗಕ್ಕೆ ರಕ್ತ ನಿಲ್ಲುವವರೆಗೆ ಬಿಗಿಯುತ್ತೇನೆ.

ಕೊನೆಯ ವಾಕ್ಯವನ್ನು ಬರೆಯಲು ಹೆಚ್ಚಿನವರಿಗೆ ಇಷ್ಟವಿಲ್ಲ. ಗುಂಡು ತಗುಲುವುದನ್ನು ನೆನೆಯುವುದೇ ಅಪಶಕುನ ಎಂಬ ಭಾವನೆ. ಆದರೆ ಅದನ್ನು ಎಂದೂ ನೆನೆಯದವನು ಸಣ್ಣ ಗಾಯಕ್ಕೂ ‘ಮುಗಿಯಿತು’ ಎಂದು ಕುಸಿದು ಕೂರಬಹುದು. ಗಾಯವಾದ ಮೇಲಿನ ಮುಂದಿನ ಕೆಲಸ ಗೊತ್ತಿದ್ದವನಿಗೆ ಮನಸ್ಸು ಹಿಡಿದುಕೊಳ್ಳಲು ಏನಾದರೂ ಇರುತ್ತದೆ.

ವಾಕ್ಯಗಳನ್ನು ‘ಮಾಡುತ್ತೇನೆ’ ಎಂದೇ ಬರೆಯಿರಿ. ‘ಟ್ರಿಗರ್ ಜಗ್ಗಬಾರದು’ ಎಂದುಕೊಂಡರೆ ಮನಸ್ಸಿಗೆ ಬರುವ ಚಿತ್ರ ಜಗ್ಗುವುದರದ್ದೇ. ‘ಮೆಲ್ಲಗೆ ಒತ್ತುತ್ತೇನೆ’ ಎಂದರೆ ಮಾಡಬೇಕಾದದ್ದರ ಚಿತ್ರ ಮೂಡುತ್ತದೆ. ಪಟ್ಟಿ ಹತ್ತು ಹದಿನೈದಕ್ಕೆ ಬೆಳೆಯಲು ಬಿಡಬೇಡಿ, ಹಿಕ್ ಅಳೆದ ತೊಂದರೆ ಮತ್ತೆ ಮನೆಗೆ ಬರುತ್ತದೆ. ಒಂದು ಸನ್ನಿವೇಶಕ್ಕೆ ಒಂದೇ ಮದ್ದು ಸಾಕು.

ಒಂದು ಕಡೆ ಮಾತ್ರ ಎರಡು ಮದ್ದು ಬೇಕಾಗುತ್ತದೆ. ಟ್ರಿಗರ್ ಒತ್ತಿದಾಗ ಬರೀ ‘ಕ್ಲಿಕ್’ ಎಂದರೆ, ಕಾದಾಟದಲ್ಲಿ ಮ್ಯಾಗಜೀನಿನ ತಳಕ್ಕೆ ಬಡಿದು, ಸ್ಲೈಡ್ ಎಳೆದು, ಮತ್ತೆ ನೋಡಿ ತೀರ್ಮಾನಿಸಬೇಕು. ರೇಂಜಿನಲ್ಲಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಬೇಕು, ಯಾಕೆಂದರೆ ಗುಂಡಿನೊಳಗಿನ ಸಿಡಿಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಎರಡನ್ನೂ ಒಂದೇ ಪಾಠದಲ್ಲಿ ಬೆರೆಸಿ ಕಲಿತವರು ಎರಡು ಕಡೆಯೂ ತಪ್ಪುತ್ತಾರೆ. ಆ ದಿನದ ಅಭ್ಯಾಸ ಯಾವುದು ಎಂದು ಶುರುವಿನಲ್ಲೇ ಬಾಯಿಬಿಟ್ಟು ಹೇಳಿಕೊಳ್ಳಿ.

ಎಚ್ಚರಕ್ಕೂ ಮೆಟ್ಟಿಲುಗಳಿವೆ

ಅಮೆರಿಕದ ಶಸ್ತ್ರ ತರಬೇತುದಾರ ಜೆಫ್ ಕೂಪರ್ ಎಚ್ಚರದ ಮಟ್ಟಗಳಿಗೆ ಬಣ್ಣದ ಹೆಸರು ಕೊಟ್ಟರು. ಸುತ್ತಲಿನ ಪರಿವೆಯೇ ಇಲ್ಲದಿರುವುದು ಬಿಳಿ. ನಿರಾಳವಾಗಿದ್ದೂ ಯಾರು ಬಂದರು, ಬಾಗಿಲು ಎಲ್ಲಿದೆ ಎಂದು ಗಮನಿಸುತ್ತಿರುವುದು ಹಳದಿ. ಒಬ್ಬ ನಿರ್ದಿಷ್ಟ ವ್ಯಕ್ತಿಯೋ ವಸ್ತುವೋ ಸರಿಯಿಲ್ಲ ಎನಿಸಿ ಅದರತ್ತ ಮನಸ್ಸು ನಿಂತರೆ ಕಿತ್ತಳೆ. ‘ಅವನು ಹೀಗೆ ಮಾಡಿದರೆ ನಾನು ಹೀಗೆ’ ಎಂಬ ಗೆರೆ ಎಳೆದು ಸಜ್ಜಾಗಿ ನಿಂತರೆ ಕೆಂಪು. ಕೆಂಪು ಎಂದರೆ ಗುಂಡು ಹಾರಿಸುವುದು ಎಂದು ತಿಳಿದವರೇ ಹೆಚ್ಚು. ಕೂಪರ್ ಹೇಳಿದ್ದು ಮನಸ್ಸಿನ ಸ್ಥಿತಿ, ಕೈಯ ಕೆಲಸವನ್ನಲ್ಲ.

ಪಾಳಿಯಿಡೀ ಹಳದಿಯಲ್ಲಿರಬಹುದು, ಅದಕ್ಕೆ ದಣಿವಿಲ್ಲ. ಕಿತ್ತಳೆಯಲ್ಲಿ ಗಂಟೆಗಟ್ಟಲೆ ಇರಲಾಗದು. ಇದ್ದರೆ ನೆರಳು ಅಲುಗಿದರೂ ಶತ್ರುವಾಗಿ ಕಾಣುತ್ತದೆ. ಅಭ್ಯಾಸ ಹೀಗೆ: ಹೊಸ ಜಾಗಕ್ಕೆ ಕಾಲಿಟ್ಟಾಗ ಮೊದಲ ಹತ್ತು ಸೆಕೆಂಡಿನಲ್ಲಿ ಹೊರಹೋಗುವ ಎರಡು ದಾರಿ, ಗುಂಡು ತಡೆಯಬಲ್ಲ ಒಂದು ಮರೆ, ಕೈ ಕಾಣದಂತೆ ನಿಂತಿರುವ ಜನ ಇವಿಷ್ಟನ್ನು ಗುರುತಿಸಿ. ಮರದ ಬಾಗಿಲು, ಜಿಪ್ಸಂ ಗೋಡೆ, ಕಾರಿನ ಬಾಗಿಲು ನಿಮ್ಮನ್ನು ಬಚ್ಚಿಡುತ್ತವೆ, ಗುಂಡನ್ನು ತಡೆಯುವುದಿಲ್ಲ. ಕಾರಿನಲ್ಲಿ ತಡೆಯುವುದು ಎಂಜಿನ್ ಇರುವ ಭಾಗ ಮತ್ತು ಚಕ್ರ.

ಉಸಿರು

ಎದೆಬಡಿತವನ್ನು ಮನಸ್ಸು ನೇರವಾಗಿ ಹಿಡಿಯಲಾರದು, ಉಸಿರನ್ನು ಹಿಡಿಯಬಲ್ಲದು. ಒಳನುಗ್ಗುವ ಮುನ್ನ, ಸಾಲಿನಲ್ಲಿ ನಿಂತಾಗ, ಮುಂದಿನ ಸುತ್ತಿಗೆ ಕಾಯುವಾಗ ಹೀಗೆ ಮಾಡಿ: ಮೂಗಿನಿಂದ ನಾಲ್ಕು ಎಣಿಸುವವರೆಗೆ ಒಳಕ್ಕೆ, ನಾಲ್ಕು ಎಣಿಸುವವರೆಗೆ ತಡೆ, ನಾಲ್ಕಕ್ಕೆ ಹೊರಕ್ಕೆ, ಮತ್ತೆ ನಾಲ್ಕು ತಡೆ. ಮೂರ್ನಾಲ್ಕು ಸುತ್ತು. ತಡೆಯುವಾಗ ಎದೆ ಬಿಗಿಯುತ್ತದೆ ಎನಿಸಿದರೆ ತಡೆಯನ್ನೇ ಬಿಟ್ಟು ನಾಲ್ಕಕ್ಕೆ ಒಳಕ್ಕೆ, ಆರಕ್ಕೆ ಹೊರಕ್ಕೆ ಬಿಡಿ. ಹೊರಬಿಡುವ ಉಸಿರು ಉದ್ದವಾದಷ್ಟೂ ಬಡಿತ ಇಳಿಯುತ್ತದೆ.

ಆಗುವ ತಪ್ಪು, ‘ದೀರ್ಘ ಉಸಿರು’ ಎಂದರೆ ಜೋರಾಗಿ ಬೇಗಬೇಗ ಎಳೆಯುವುದು ಎಂದು ತಿಳಿಯುವುದು. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕುಸಿದು ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಗುಂಡು ಹಾರುತ್ತಿರುವಾಗ ಎಣಿಸಲು ಪುರಸೊತ್ತಿರುವುದಿಲ್ಲ. ಆಗ ಒಂದೇ ಒಂದು ಉದ್ದನೆಯ ಹೊರಉಸಿರು ಸಾಕು.

ನಿಖರ ಗುರಿಯ ಶೂಟಿಂಗ್‌ನಲ್ಲಿ ಕ್ರಮ ಬೇರೆ. ಎರಡು ಮೂರು ಸಹಜ ಉಸಿರು, ಕೊನೆಯದನ್ನು ಬಿಟ್ಟಾಗ ತಾನಾಗಿ ಬರುವ ಬಿಡುವಿನಲ್ಲಿ ಹೊಡೆತ. ಉಸಿರು ನಿಂತ ಆರರಿಂದ ಎಂಟು ಸೆಕೆಂಡಿನೊಳಗೆ ಗುಂಡು ಹಾರದಿದ್ದರೆ ಬಂದೂಕು ಇಳಿಸಿ, ಮೊದಲಿನಿಂದ ಶುರುಮಾಡಿ. ಅದಕ್ಕೂ ಮೀರಿದರೆ ಕಣ್ಣು ಮಂಜಾಗುತ್ತದೆ, ಸ್ನಾಯು ನಡುಗುತ್ತದೆ, ‘ಈಗಲಾದರೂ ಹಾರಲಿ’ ಎಂದು ಮನಸ್ಸು ಟ್ರಿಗರ್ ಜಗ್ಗುತ್ತದೆ. ಇಳಿಸುವುದನ್ನು ಸೋಲೆಂದು ತಿಳಿದವರೇ ಕೆಟ್ಟ ಅಂಕ ತೆಗೆಯುವುದು. ಹತ್ತು ಹೊಡೆತದ ಅಭ್ಯಾಸದಲ್ಲಿ ಎರಡನ್ನಾದರೂ ಬೇಕೆಂದೇ ಇಳಿಸಿ ರೂಢಿ ಮಾಡಿಕೊಳ್ಳಿ.

ಒಂದು ಗುಂಡಿಗೆ ಒಂದು ಕ್ರಮ

2004ರ ಅಥೆನ್ಸ್ ಒಲಿಂಪಿಕ್ಸ್, 50 ಮೀಟರ್ ರೈಫಲ್ ಮೂರು ಭಂಗಿಗಳ ಫೈನಲ್. ಅಮೆರಿಕದ ಮ್ಯಾಥ್ಯೂ ಎಮ್ಮನ್ಸ್ ಕೊನೆಯ ಗುಂಡಿಗೆ ಬಂದಾಗ ಸಾಧಾರಣ ಹೊಡೆತವೊಂದಿದ್ದರೂ ಚಿನ್ನ ಸಿಗುವಷ್ಟು ಮುಂದಿದ್ದರು. ಗುಂಡು ಚೆನ್ನಾಗಿಯೇ ಹಾರಿತು. ಆದರೆ ತಗುಲಿದ್ದು ಪಕ್ಕದ ಸಾಲಿನವರ ಗುರಿಫಲಕಕ್ಕೆ. ಅಂಕ ಸೊನ್ನೆ, ಸ್ಥಾನ ಎಂಟನೆಯದು. ಆಮೇಲೆ ಅವರೇ ಹೇಳಿದ ಕಾರಣ ಇದು: ಪ್ರತಿ ಸಲ ಫಲಕದ ಮೇಲಿನ ಸಂಖ್ಯೆಯನ್ನು ನೋಡಿ ಅಲ್ಲಿಂದ ಗುರಿಗೆ ಇಳಿಯುವುದು ಅವರ ರೂಢಿ, ಆ ಒಂದು ಸಲ ಮನಸ್ಸನ್ನು ಶಾಂತ ಮಾಡಿಕೊಳ್ಳುವುದರಲ್ಲೇ ಮುಳುಗಿ ಸಂಖ್ಯೆ ನೋಡಲಿಲ್ಲ. ಕ್ರಮದ ಒಂದು ಮೆಟ್ಟಿಲು ತಪ್ಪಿತು, ಅಷ್ಟೇ. ‘ಶಾಂತವಾಗಿರು’ ಎಂಬ ಯೋಚನೆಯೂ ಯೋಚನೆಯೇ, ಅದೂ ಜಾಗ ತಿನ್ನುತ್ತದೆ.

ನಿಮ್ಮ ಕ್ರಮವನ್ನು ಬರೆದಿಡಿ, ಪ್ರತಿ ಗುಂಡಿಗೂ ಒಂದಕ್ಷರ ಬದಲಿಸಬೇಡಿ. ನಿಖರ ಶೂಟಿಂಗ್‌ಗೆ ಹೀಗಿರಬಹುದು: ಸಾಲಿನ ಸಂಖ್ಯೆ ನೋಡು. ಪಾದ ನೆಲಕ್ಕೆ. ಕಣ್ಣು ಮುಚ್ಚಿ ಬಂದೂಕು ಏರಿಸು, ಕಣ್ಣು ತೆರೆ. ಗುರಿ ಪಕ್ಕಕ್ಕಿದ್ದರೆ ತೋಳಿನಿಂದ ತಳ್ಳದೆ ಪಾದ ಸರಿಸು. ಉಸಿರು. ಸೈಟಿನ (ಗುರಿಯಿಡುವ ಮೊನೆ) ಮೇಲೆ ನೋಟ ನಿಲ್ಲಲಿ. ಒತ್ತು. ಹಾರಿದ ಮೇಲೂ ಒಂದೆರಡು ಸೆಕೆಂಡು ಹಾಗೆಯೇ ಹಿಡಿದಿರು. ಎಲ್ಲಿ ಬಿದ್ದಿರಬೇಕು ಎಂದು ಮೊದಲು ಹೇಳಿ, ಆಮೇಲೆ ನೋಡು. ಈ ಕೊನೆಯ ಮೆಟ್ಟಿಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಗುಂಡು ಎಲ್ಲಿ ಹೋಯಿತು ಎಂದು ಸೈಟ್ ನೋಡಿಯೇ ಹೇಳಬಲ್ಲವನಿಗೆ ತನ್ನ ತಪ್ಪು ಎಲ್ಲಿದೆ ಎಂದು ಗೊತ್ತಿರುತ್ತದೆ.

ಕೆಟ್ಟ ಹೊಡೆತ ಬಿದ್ದರೆ ಅದಕ್ಕೂ ಕ್ರಮ ಬೇಕು. ಬಂದೂಕು ಇಳಿಸಿ, ಕಾರಣವನ್ನು ಒಂದೇ ಪದದಲ್ಲಿ ಹೇಳಿ (‘ಬೆರಳು’, ‘ಆತುರ’), ಸರಿಯಾದ ಹೊಡೆತವೊಂದನ್ನು ಮನಸ್ಸಿನಲ್ಲಿ ಹೊಡೆದು ಮುಂದೆ ಹೋಗಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಗೆ ಇಳಿದ ಅಮೆರಿಕದ ರೈಫಲ್ ಶೂಟರ್ ಲ್ಯಾನಿ ಬಾಶಮ್, ಸೋಲಿನ ಬೇರು ತಲೆಯೊಳಗಿದೆ ಎಂದು ಚಾಂಪಿಯನ್ನರನ್ನು ಹುಡುಕಿ ಮಾತನಾಡಿಸಿ, 1976ರ ಮಾಂಟ್ರಿಯಲ್‌ನಲ್ಲಿ ಅದೇ ಸ್ಪರ್ಧೆಯ ಚಿನ್ನ ಗೆದ್ದರು. ಅವರು ಒತ್ತಿ ಹೇಳುತ್ತಾ ಬಂದದ್ದೂ ಇದನ್ನೇ: ಗಮನ ಅಂಕದ ಮೇಲಲ್ಲ, ಕ್ರಮದ ಮೇಲೆ.

ಕ್ರಮವನ್ನು ಮೈಗೂಡಿಸುವ ಅಗ್ಗದ ದಾರಿ ಡ್ರೈ ಫೈರ್, ಅಂದರೆ ಗುಂಡಿಲ್ಲದ ಅಭ್ಯಾಸ. ಮ್ಯಾಗಜೀನ್ ತೆಗೆಯಿರಿ, ಚೇಂಬರ್ (ಗುಂಡು ಕೂರುವ ಗೂಡು) ತೆರೆದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ನೋಡಿ, ಮತ್ತೊಮ್ಮೆ ಇಷ್ಟನ್ನೂ ಮಾಡಿ. ಮದ್ದುಗುಂಡು ಬೇರೆ ಕೋಣೆಯಲ್ಲಿ ಬೀಗದೊಳಗೆ ಇರಲಿ. ಗುರಿಯ ಹಿಂದೆ ಗುಂಡು ತಡೆಯುವ ಗೋಡೆ ಇರಲಿ, ಆಚೆ ಕಡೆ ಯಾರೂ ಇರದಿರಲಿ. .22ರಂಥ ರಿಮ್‌ಫೈರ್ (ಗುಂಡಿನ ತಳದ ಅಂಚಿಗೆ ಪಿನ್ ಬಡಿಯುವ) ಬಂದೂಕಾದರೆ ಡಮ್ಮಿ ರೌಂಡ್, ಅಂದರೆ ಮದ್ದಿಲ್ಲದ ಹುಸಿ ಗುಂಡು ಹಾಕಿ, ಇಲ್ಲದಿದ್ದರೆ ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ಹಾಳಾಗುತ್ತದೆ. ಹತ್ತು ಹದಿನೈದು ನಿಮಿಷ ಸಾಕು, ಆಮೇಲೆ ಗಮನ ಸಡಿಲವಾಗಿ ತಪ್ಪು ರೂಢಿಯೇ ಗಟ್ಟಿಯಾಗುತ್ತದೆ. ಫ್ರಂಟ್ ಸೈಟಿನ ಮೇಲೆ ಒಂದು ನಾಣ್ಯ ಇಟ್ಟು ಒತ್ತಿ. ಬಿದ್ದರೆ ಬೆರಳು ಜಗ್ಗುತ್ತಿದೆ. ಮುಗಿದಾಗ ‘ಅಭ್ಯಾಸ ಮುಗಿಯಿತು’ ಎಂದು ಬಾಯಿಬಿಟ್ಟು ಹೇಳಿ ಎತ್ತಿಡಿ. ಡ್ರೈ ಫೈರ್ ಅನಾಹುತಗಳ ಚಿರಪರಿಚಿತ ರೀತಿ ಎಂದರೆ, ಮತ್ತೆ ಗುಂಡು ತುಂಬಿದ ಮೇಲೆ ‘ಇನ್ನೊಂದೇ ಒಂದು ಸಲ’ ಎನ್ನುವುದು.

ಬಂದೂಕು ಒದೆಯುವ ಮೊದಲೇ ಮೈ ಬೆದರಿ ನಳಿಗೆಯನ್ನು ಕೆಳಕ್ಕೆ ಅದುಮುವುದು ಎಲ್ಲರಿಗೂ ಬರುವ ರೋಗ. ಬಲಗೈ ಪಿಸ್ತೂಲು ಶೂಟರ್‌ಗಳ ಗುಂಡುಗಳು ಕೆಳಕ್ಕೆ ಎಡಕ್ಕೆ ಗುಂಪಾಗಿ ಬೀಳುತ್ತಿದ್ದರೆ ಇದೇ ಇರಬಹುದು. ಜೊತೆಗಾರ ನಿಮಗೆ ಕಾಣದಂತೆ ಆರು ಗುಂಡಿನ ನಡುವೆ ಎರಡು ಡಮ್ಮಿ ಸೇರಿಸಿ ಮ್ಯಾಗಜೀನ್ ಕೊಡಲಿ. ಡಮ್ಮಿ ಬಂದಾಗ ನಳಿಗೆ ಕುಗ್ಗಿದರೆ ರೋಗ ಹೊರಬಿತ್ತು. ಆಗ ಇನ್ನಷ್ಟು ಗುಂಡು ಹಾರಿಸಿ ಅದನ್ನು ಗೆಲ್ಲಲು ಹೋಗಬೇಡಿ, ಹೆಚ್ಚು ಹಾರಿಸಿದಷ್ಟೂ ಬೆದರಿಕೆ ಬೇರೂರುತ್ತದೆ. ಹತ್ತು ಡ್ರೈ ಫೈರ್, ಆಮೇಲೆ ಮತ್ತೆ ಒಂದು ಮಿಶ್ರ ಮ್ಯಾಗಜೀನ್. ಕಿವಿಗೆ ಪ್ಲಗ್ ಮತ್ತು ಮಫ್ ಎರಡನ್ನೂ ಹಾಕಿ. ಎಷ್ಟೋ ಸಲ ಹೆದರಿಸುವುದು ಒದೆತವಲ್ಲ, ಸದ್ದು.

ಕಣ್ಣು ಮುಚ್ಚಿ ಮಾಡುವ ಅಭ್ಯಾಸ

ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಎಂದರೆ ಗೆದ್ದು ಪದಕ ಹಾಕಿಕೊಂಡಂತೆ ಕನಸು ಕಾಣುವುದಲ್ಲ. ಅದು ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಜಾತಿಯದು. ಮಾಡಬೇಕಾದ ಕೆಲಸವನ್ನು ನಿಜವಾದ ವೇಗದಲ್ಲಿ, ನಿಮ್ಮದೇ ಕಣ್ಣಿನ ಒಳಗಿನಿಂದ, ತಪ್ಪು ನಡೆಯುವುದನ್ನೂ ಅದನ್ನು ಸರಿಪಡಿಸುವುದನ್ನೂ ಸೇರಿಸಿ ನಡೆಸುವುದು. ಸಾಧ್ಯವಾದರೆ ಅದೇ ಉಡುಪಿನಲ್ಲಿ, ಅದೇ ಭಂಗಿಯಲ್ಲಿ ನಿಂತು ಮಾಡಿ. ದಿನಕ್ಕೆ ಐದು ನಿಮಿಷ, ಒಂದು ಸಲಕ್ಕೆ ಒಂದೇ ಸನ್ನಿವೇಶ. ಬರೆದಿಟ್ಟ ‘ಹೀಗಾದರೆ ಹೀಗೆ’ ವಾಕ್ಯಗಳೇ ಕಥಾವಸ್ತು. ಮೂರರಲ್ಲಿ ಒಂದು ಸಲವಾದರೂ ಸನ್ನಿವೇಶ ಗುಂಡು ಹಾರಿಸದೆ ಮುಗಿಯಲಿ: ಎದುರಿನವನ ಕೈಯಲ್ಲಿದ್ದದ್ದು ಫೋನಾಗಿತ್ತು, ಅಥವಾ ಅವನು ಮಾತು ಕೇಳಿ ಕೈ ಎತ್ತಿದ.

ಒತ್ತಡವನ್ನು ಅಳತೆ ಮಾಡಿ ಬೆರೆಸಿ

ಮೊದಲ ದಿನವೇ ಕಿರುಚಾಟ, ಹೊಗೆ, ಸಿಡಿತದ ನಡುವೆ ತಳ್ಳಿದರೆ ಕಲಿಯುವುದು ಗಾಬರಿಯನ್ನೇ. ಮನಶ್ಶಾಸ್ತ್ರಜ್ಞ ಡೊನಾಲ್ಡ್ ಮೈಕೆನ್‌ಬಾಮ್ ರೂಪಿಸಿದ ಕ್ರಮದಲ್ಲಿ ಮೂರು ಹಂತಗಳಿವೆ: ಒತ್ತಡ ಏನು ಮಾಡುತ್ತದೆ ಎಂದು ತಿಳಿಯುವುದು, ಅದನ್ನು ನಿಭಾಯಿಸುವ ಉಪಾಯ ಕಲಿಯುವುದು, ಆಮೇಲೆ ಸ್ವಲ್ಪಸ್ವಲ್ಪವಾಗಿ ಒತ್ತಡದೊಳಗೆ ಇಳಿಯುವುದು. ಲಸಿಕೆ ಹಾಕಿದ ಹಾಗೆ.

ರೇಂಜಿನಲ್ಲಿ ಮೊದಲು ಟೈಮರ್ ಬರಲಿ. ಆಮೇಲೆ ನೋಡುವವರು ಬರಲಿ. ಹತ್ತು ಜನರ ಕಣ್ಣು ಬೆನ್ನ ಮೇಲಿದ್ದರೆ ಗಡಿಯಾರಕ್ಕಿಂತ ಹೆಚ್ಚು ಕೈ ನಡುಗುತ್ತದೆ. ಅದರ ಮೇಲೆ ತೀರ್ಮಾನ ಬರಲಿ: ಯಾವ ಬಣ್ಣ ಕೂಗುತ್ತಾರೋ ಆ ಫಲಕಕ್ಕೆ ಮಾತ್ರ ಗುಂಡು. ಹೊಡೆತದ ಗುಣ ಅರ್ಧಕ್ಕರ್ಧ ಕುಸಿದರೆ ಒಂದು ಮೆಟ್ಟಿಲು ಹಿಂದೆ ಬನ್ನಿ. ಐವತ್ತು ಮೀಟರ್ ಓಡಿಬಂದು ಹಾರಿಸುವ ಅಭ್ಯಾಸ ಒಳ್ಳೆಯದೇ, ಆದರೆ ಅದು ಏದುಸಿರಿನ ಪಾಠ. ಭಯದ ಪಾಠ ಬೇಕಾದರೆ ಎದುರಿನಿಂದ ಏನಾದರೂ ಬರಬೇಕು: ಬಣ್ಣ ಚಿಮ್ಮಿಸುವ ತರಬೇತಿ ಗುಂಡುಗಳು, ಪಾತ್ರ ವಹಿಸುವ ಮನುಷ್ಯರು. ಅಂಥ ಅಭ್ಯಾಸದ ಜಾಗಕ್ಕೆ ನಿಜವಾದ ಗುಂಡು, ಆಯುಧ, ಚಾಕು ಯಾವುದೂ ಬರಬಾರದು. ಒಬ್ಬರು ಎಲ್ಲರನ್ನೂ ತಪಾಸಣೆ ಮಾಡಬೇಕು, ಅವರನ್ನು ಇನ್ನೊಬ್ಬರು ತಪಾಸಣೆ ಮಾಡಬೇಕು. ಊಟಕ್ಕೆ ಹೊರಹೋಗಿ ಬಂದ ಮೇಲೆ ಮತ್ತೆ ಮೊದಲಿನಿಂದ.

ಎದುರಾಗುವ ಗುರಿಗಳೆಲ್ಲ ಹೊಡೆಯಬೇಕಾದವೇ ಆದರೆ ಮನಸ್ಸು ಕಲಿಯುವ ಪಾಠ ‘ಕಂಡರೆ ಹೊಡೆ’ ಎಂಬುದೊಂದೇ. 1999ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ನಾಲ್ವರು ಪೊಲೀಸರು ನಿರಾಯುಧ ಯುವಕನೊಬ್ಬನತ್ತ 41 ಗುಂಡು ಹಾರಿಸಿದರು, 19 ತಗುಲಿದವು. ಅವನು ಜೇಬಿನಿಂದ ತೆಗೆದದ್ದು ಪರ್ಸು. ಹಗ್ಗವನ್ನು ಹಾವೆಂದು ಕಾಣುವುದು ಕಣ್ಣಿನ ದೋಷವಲ್ಲ, ಹಾವನ್ನೇ ನಿರೀಕ್ಷಿಸುತ್ತಿರುವ ಮನಸ್ಸಿನದು. ಮಂದ ಬೆಳಕು, ಜೊತೆಗಾರನ ಗುಂಡಿನ ಸದ್ದು, ಎಡವಿ ಬಿದ್ದವನನ್ನು ಗುಂಡು ತಗುಲಿದವನೆಂದು ತಿಳಿಯುವುದು, ಇವು ಒಂದನ್ನೊಂದು ಬೆಳೆಸುತ್ತವೆ. ಆದ್ದರಿಂದ ಅಭ್ಯಾಸದ ಸನ್ನಿವೇಶಗಳಲ್ಲಿ ಅರ್ಧದಷ್ಟಾದರೂ ಹಾರಿಸಬಾರದವು ಇರಲಿ. ನೋಟದ ಕ್ರಮವೂ ಇರಲಿ: ಮೊದಲು ಇಡೀ ಮನುಷ್ಯ, ಆಮೇಲೆ ಎರಡೂ ಕೈ, ಆಮೇಲೆ ಸೊಂಟ, ಆಮೇಲೆ ಸುತ್ತಲಿನ ಜಾಗ. ಮುಖ ನಿಮ್ಮನ್ನು ಕೊಲ್ಲುವುದಿಲ್ಲ, ಕೈ ಕೊಲ್ಲುತ್ತದೆ. ಇದೆಲ್ಲ ನಡೆಯುವಾಗ ಬೆರಳು ಟ್ರಿಗರ್ ಗಾರ್ಡಿನ ಹೊರಗೆ, ಚೌಕಟ್ಟಿನ ಮೇಲೆ ನೇರವಾಗಿರಲಿ. ಬೆಚ್ಚಿಬಿದ್ದಾಗ, ಎಡವಿದಾಗ, ಇನ್ನೊಂದು ಕೈ ಏನನ್ನಾದರೂ ಬಿಗಿಯಾಗಿ ಹಿಡಿದಾಗ ಟ್ರಿಗರಿನ ಮೇಲಿರುವ ಬೆರಳೂ ತಾನಾಗಿ ಮುದುರುತ್ತದೆ.

ನಿಲ್ಲಿಸುವುದಕ್ಕೂ ಅಭ್ಯಾಸ ಬೇಕು. ವೇಗವಾಗಿ ಹಾರಿಸುವವನ ಎರಡು ಗುಂಡುಗಳ ನಡುವೆ ಕಾಲು ಸೆಕೆಂಡು ಮಾತ್ರ ಇರುತ್ತದೆ. ‘ನಿಲ್ಲಿಸು’ ಎಂಬ ಸಂಕೇತ ಕಂಡು ಬೆರಳು ನಿಲ್ಲಲೂ ಅಷ್ಟೇ ಹೊತ್ತು ಬೇಕು. ಹಾಗಾಗಿ ಒಂದೆರಡು ಗುಂಡು ಹೆಚ್ಚಾಗಿ ಹಾರಿಯೇ ಹಾರುತ್ತದೆ. ಹಾರಿಸುತ್ತಿರುವಾಗಲೇ ದೀಪ ಆರಿದರೆ ನಿಲ್ಲಿಸುವ ಆಟವನ್ನು ಪ್ರತಿ ಅಭ್ಯಾಸಕ್ಕೂ ಸೇರಿಸಿ.

ಗರ ಬಡಿದಂತೆ ನಿಂತರೆ? ಬಿಡಿಸಿಕೊಳ್ಳುವ ಉಪಾಯ ಸಣ್ಣದು: ಪಾದ ಕದಲಿಸಿ, ಇಲ್ಲವೇ ಬಾಯಿ ತೆರೆದು ಕೂಗಿ. ದೊಡ್ಡ ಸ್ನಾಯು ಒಂದು ಕದಲಿದರೆ ಉಳಿದದ್ದು ಹಿಂದೆಯೇ ಬರುತ್ತದೆ. ಅದಕ್ಕೇ ಪ್ರತಿ ಅಭ್ಯಾಸವೂ ಪಕ್ಕಕ್ಕೊಂದು ಹೆಜ್ಜೆ ಮತ್ತು ಒಂದು ಗಟ್ಟಿ ಆಜ್ಞೆಯಿಂದ ಶುರುವಾಗಲಿ.

ನಿದ್ದೆ, ಕಾಫಿ, ಮಾತ್ರೆ

17 ಗಂಟೆ ಎಚ್ಚರವಾಗಿದ್ದವನ ಕೈಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯ ಇದ್ದವನಷ್ಟು ಕುಗ್ಗಿರುತ್ತದೆ ಎಂದು 1997ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಕುಡಿದವನ ಕೈಗೆ ಬಂದೂಕು ಕೊಡದವರು ನಿದ್ದೆಗೆಟ್ಟವನ ಕೈಗೆ ಕೊಡುತ್ತಾರೆ. ಕೆಫೀನ್ ನಿದ್ದೆಯನ್ನು ದೂಡುತ್ತದೆ, ಜೊತೆಗೆ ಬೆರಳನ್ನೂ ನಡುಗಿಸುತ್ತದೆ. ಅದರ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸ್ಪರ್ಧೆಯ ದಿನ ರೂಢಿಗಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ರೂಢಿಯಿದ್ದವರು ದಿಢೀರನೆ ಬಿಟ್ಟರೆ ತಲೆನೋವು ಕಾಡುತ್ತದೆ. ನಡುಕ ತಡೆಯುವ ಬೀಟಾ ಬ್ಲಾಕರ್ ಮಾತ್ರೆಗಳು ಶೂಟಿಂಗ್ ಸ್ಪರ್ಧೆಗಳಲ್ಲಿ ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲು ಶೂಟರ್ ಒಬ್ಬರು ಎರಡು ಪದಕ ಕಳೆದುಕೊಂಡದ್ದು ಇದರಿಂದಲೇ.

ಗುಂಡಿನ ಸದ್ದು ಅಡಗಿದ ಮೇಲೆ

ಬೆರಳು ಹೊರಗೆ, ಸುತ್ತ ನೋಟ, ಮರೆ ಬಿಡದೆ ಮ್ಯಾಗಜೀನ್ ಬದಲಾವಣೆ, ಆಮೇಲೆ ನಿಮ್ಮದೇ ಮೈಯ ತಪಾಸಣೆ. ಕತ್ತು, ಕಂಕುಳು, ತೊಡೆಸಂದು, ಬೆನ್ನು ಇಲ್ಲೆಲ್ಲ ಅಂಗೈ ಸವರಿ ರಕ್ತವಿದೆಯೇ ನೋಡಿ, ಯಾಕೆಂದರೆ ಅಡ್ರಿನಲಿನ್ ಏರಿದ ಮೈಗೆ ಗುಂಡು ತಗುಲಿದ್ದೇ ಗೊತ್ತಾಗದಿರಬಹುದು. ಅಪಾಯ ಕಳೆದ ಮೇಲೆ ಗಾಯಾಳುಗಳಿಗೆ, ಎದುರಾಳಿಗೂ ಸೇರಿ, ನೆರವು ಕರೆಯಿರಿ.

ಆ ರಾತ್ರಿ ಕೈ ನಡುಗುವುದು, ವಾಂತಿ ಬರುವುದು, ಅಳು ಅಥವಾ ಅಸಂಬದ್ಧ ನಗು ಬರುವುದು, ‘ಬದುಕಿದೆ’ ಎಂಬ ಹಿಗ್ಗು, ಅದರ ಬೆನ್ನಿಗೇ ಪಾಪಪ್ರಜ್ಞೆ ಎಲ್ಲವೂ ಬರಬಹುದು. ನೆನಪಿನಲ್ಲಿ ತೂತುಗಳಿರುತ್ತವೆ. ತುಂಬಿಸಲು ಹೋಗಬೇಡಿ, ನೆನಪಿಲ್ಲದ್ದನ್ನು ‘ನೆನಪಿಲ್ಲ’ ಎಂದೇ ಹೇಳಿ. ಜೊತೆಗಾರರೆಲ್ಲ ಕೂತು ಕಥೆ ಹೊಂದಿಸಿದರೆ ಅವರ ನೆನಪು ನಿಮ್ಮದರೊಳಗೆ ಬೆರೆಯುತ್ತದೆ, ಆಮೇಲೆ ಬೇರ್ಪಡಿಸಲಾಗದು. ಮದ್ಯ ಬೇಡ, ಅದು ನಿದ್ದೆ ಬರಿಸಿದಂತೆ ಮಾಡಿ ನಿದ್ದೆಯನ್ನೇ ಕೆಡಿಸುತ್ತದೆ. ಎಲ್ಲರನ್ನೂ ಒಂದೇ ಸಲ ಕೂರಿಸಿ ನಡೆದದ್ದನ್ನೆಲ್ಲ ಬಲವಂತವಾಗಿ ಹೇಳಿಸುವ ಪದ್ಧತಿ ಮುಂದಿನ ಮಾನಸಿಕ ತೊಂದರೆಯನ್ನು ತಡೆಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ನಂಬಿಕೆಯ ಒಬ್ಬರ ಜೊತೆ, ಬೇಕೆನಿಸಿದಾಗ, ಬೇಕೆನಿಸಿದಷ್ಟು ಮಾತನಾಡುವುದು ಮೇಲು.

ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ಜಾಗದತ್ತ ಹೋಗಲಾಗದಿರುವುದು ಕೆಲವು ವಾರ ಇದ್ದು ಇಳಿಯುತ್ತಾ ಹೋದರೆ ಅದು ಗಾಯ ಮಾಯುವ ರೀತಿ. ತಿಂಗಳು ದಾಟಿಯೂ ಇಳಿಯದಿದ್ದರೆ ಮನೋವೈದ್ಯರ ಬಳಿ ಹೋಗಿ, ಇದಕ್ಕೆ ಗುಣಪಡಿಸುವ ಚಿಕಿತ್ಸೆಯಿದೆ. ಸಾಯುವ ಯೋಚನೆ ಸುಳಿದರೆ ಒಂದು ದಿನವೂ ಕಾಯಬೇಡಿ: ಆ ಹೊತ್ತೇ ಯಾರಿಗಾದರೂ ಹೇಳಿ, ಆಯುಧವನ್ನು ಮನೆಯಿಂದ ಹೊರಗೆ, ಇನ್ನೊಬ್ಬರ ಬೀಗದೊಳಗೆ ಇಡಲು ಕೊಟ್ಟುಬಿಡಿ.

ಮತ್ತೆ ರೇಂಜಿಗೆ ಮರಳುವಾಗ ಮೊದಲ ದಿನ ಬರೀ ಡ್ರೈ ಫೈರ್, ಪಕ್ಕದಲ್ಲಿ ಪರಿಚಿತ ತರಬೇತುದಾರರು. ಎರಡನೆಯ ದಿನ ಐದು ಗುಂಡು, ವೃತ್ತದ ಗುರಿ. ಮನುಷ್ಯಾಕೃತಿಯ ಗುರಿಫಲಕ ಕೊನೆಗೆ ಬರಲಿ, ಅದೂ ಮೊದಲು ಹಾರಿಸಬಾರದ ಸನ್ನಿವೇಶದೊಂದಿಗೆ.